ಕೂಸಿನ ಹೊಟ್ಟೆ ಬೇರೆ, ಅಜ್ಜನ ಹೊಟ್ಟೆ ಬೇರೆ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ನರ್ಸ್. ಸೇರಿ ಎಂಟು ತಿಂಗಳಾಯಿತು. ಮೊನ್ನೆ ಒಂದೇ ಬೆಳಿಗ್ಗೆ ಹೊಟ್ಟೆ ನೋವು ಅಂತ ಮೂವರು ಬಂದರು. ಎರಡು ವರ್ಷದ ಮಗು, ಏಳು ತಿಂಗಳ ಬಸುರಿ, 78 ವರ್ಷದ ಅಜ್ಜ. ಮೂವರ ಹೊಟ್ಟೆಯನ್ನೂ ಕಲಿತ ಪ್ರಕಾರ ಒಂದೇ ರೀತಿ ನೋಡಿದೆ. ಮುಟ್ಟುವ ಮೊದಲೇ ಮಗು ಕಿರುಚಿಕೊಂಡಿತು, ಏನೂ ತಿಳಿಯಲಿಲ್ಲ. ಅಜ್ಜ ಮಾತ್ರ "ಎಂಥದ್ದೂ ಇಲ್ಲ ಮಾರಾಯ್ತಿ, ಸ್ವಲ್ಪ ಗ್ಯಾಸ್ಟ್ರಿಕ್" ಎಂದರು. ಒತ್ತಿದಾಗಲೂ ಮುಖ ಕಿವುಚಲಿಲ್ಲ. ಮಾತ್ರೆ ಕೊಟ್ಟು ಕಳಿಸಿದೆ. ಮಾರನೇ ದಿನ ಶಿವಮೊಗ್ಗದಲ್ಲಿ ಅವರಿಗೆ ಆಪರೇಷನ್ ಆಯಿತು. ಜಠರ ತೂತಾಗಿತ್ತಂತೆ. ಈಗ ಹುಷಾರಾಗಿದ್ದಾರೆ. ನಾನು ಎಲ್ಲಿ ತಪ್ಪಿದೆ? ಒಂದೊಂದು ವಯಸ್ಸಿನವರ ಹೊಟ್ಟೆಯನ್ನು ಹೇಗೆ ನೋಡಬೇಕು?

ಉತ್ತರ: "ಒಂದೇ ರೀತಿ ನೋಡಿದೆ" ಅಂದಿರಲ್ಲ, ಎಡವಟ್ಟಾಗಿದ್ದು ಅಲ್ಲೇ. ಇದರಲ್ಲಿ ಕಲಿಸಿದ ನಮ್ಮ ಪಾಲೂ ಇದೆ. ಪುಸ್ತಕದ ಚಿತ್ರದಲ್ಲಿ ಮಲಗಿರುವವನು ಇಪ್ಪತ್ತೈದರ ಗಟ್ಟಿ ಆಳು. ಮಲಗು ಅಂದರೆ ಮಲಗುತ್ತಾನೆ, ಉಸಿರು ಎಳಿ ಅಂದರೆ ಎಳೆಯುತ್ತಾನೆ, ನೋವಿರುವಲ್ಲಿ ಬೆರಳಿಟ್ಟು ತೋರಿಸುತ್ತಾನೆ. ಅವನು ನಿಮ್ಮ ಉಪಕೇಂದ್ರಕ್ಕೆ ಬರುವುದೇ ಅಪರೂಪ. ಬರುವವರು ಕೂಸುಗಳು, ಬಸುರಿಯರು, ಅಜ್ಜ ಅಜ್ಜಿಯರು. ಚಿಕ್ಕವರ ಹೊಟ್ಟೆ ಇಲ್ಲದ್ದನ್ನೂ ಕೂಗಿ ಹೇಳುತ್ತದೆ. ಮುದುಕರ ಹೊಟ್ಟೆ ಇದ್ದದ್ದನ್ನೂ ಮುಚ್ಚಿಡುತ್ತದೆ. ಆ ಲೆಕ್ಕ ಇಟ್ಟುಕೊಂಡೇ ಕೈ ಇಡಬೇಕು.

ಮೊದಲು ಎಲ್ಲರಿಗೂ ಸಲ್ಲುವ ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಕೈ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಐಸಿನ ಹಾಗೆ. ಆ ಕೈ ಇಟ್ಟರೆ ಎಂಥವರ ಹೊಟ್ಟೆಯೂ ಬಿಗಿಯುತ್ತದೆ. ಆ ಬಿಗಿತವನ್ನು ಕಾಯಿಲೆ ಅಂತ ಬರೆದುಕೊಂಡವರನ್ನು ನಾನು ನೋಡಿದ್ದೇನೆ. ಬಿಸಿನೀರಿನ ಲೋಟ ಹಿಡಿದು ಕೈ ಕಾಯಿಸಿಕೊಳ್ಳಿ. ಮನೆಗೆ ಹೋದರೆ ಬಚ್ಚಲ ಒಲೆ ಇದ್ದೇ ಇರುತ್ತದೆ. ಮೂತ್ರ ಮಾಡಿ ಬರಲು ಹೇಳಿ. ತಲೆಗೊಂದು ದಿಂಬು, ಮೊಣಕಾಲು ಮಡಚಿರಲಿ. ನೋವಿರುವ ಜಾಗವನ್ನು ಕಟ್ಟಕಡೆಗೆ ಮುಟ್ಟಿ. ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಲಿ, ಹೊಟ್ಟೆಯ ಮೇಲಲ್ಲ. ಸೀರೆ, ಪಂಚೆ, ಚಡ್ಡಿ ಯಾವುದೇ ಇರಲಿ, ತೊಡೆಸಂದು ಕಾಣುವಷ್ಟು ಸಡಿಲವಾಗಬೇಕು. ನಾಚಿಕೆಗೆ ಒಂದು ಬಟ್ಟೆ ಹೊದೆಸಿದರಾಯಿತು.

ನಿಮಗೆ ನರ್ಸಿಂಗ್‌ನಲ್ಲಿ ನೋಡು, ಕೇಳು, ತಟ್ಟು, ಒತ್ತು ಎಂಬ ಕ್ರಮ ಕಲಿಸಿರುತ್ತಾರೆ. ನಮಗೆ ಮೆಡಿಕಲ್ ಕಾಲೇಜಿನಲ್ಲಿ ನೋಡು, ಒತ್ತು, ತಟ್ಟು, ಕೇಳು ಎಂದಿದ್ದರು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾದೀತು ಅನ್ನೋದು ನಿಮ್ಮವರು ಕೊಡುವ ಕಾರಣ. ಇದರ ಮೇಲೆ ಜಗಳ ಬೇಡ. ನನಗೆ ನಿಮ್ಮ ಕ್ರಮವೇ ಇಷ್ಟ, ಆದರೆ ಕಾರಣ ಬೇರೆ. ಸ್ಟೆತಸ್ಕೋಪಿಗೆ ಜನ ಹೆದರುವುದಿಲ್ಲ, ಕೈಗೆ ಹೆದರುತ್ತಾರೆ. ಕೈಯನ್ನು ಆದಷ್ಟು ತಡವಾಗಿ ತನ್ನಿ. ನಿಮಿಷಕ್ಕೆ 5ರಿಂದ 30 ಸದ್ದು ಸಾಮಾನ್ಯ. ಎಣಿಸುತ್ತ ಕೂರುವುದಕ್ಕಿಂತ, ಸದ್ದು ಇದೆಯೋ ಇಲ್ಲವೋ, ಲೋಹ ತಾಗಿದ ಹಾಗೆ ಟಿಣ್ ಟಿಣ್ ಅನ್ನುತ್ತಿದೆಯೋ ಅಂತ ಗಮನಿಸಿ. ಹಾಗೆ ಕೇಳಿಸಿದರೆ ಕರುಳು ಕಟ್ಟಿಕೊಂಡಿರಬಹುದು.

ತಟ್ಟುವುದನ್ನು ಈಗಿನವರು ಬಿಟ್ಟೇಬಿಟ್ಟಿದ್ದಾರೆ, ಸ್ಕ್ಯಾನ್ ಇದೆಯಲ್ಲ ಅಂತ. ನಿಮ್ಮ ಉಪಕೇಂದ್ರದಲ್ಲಿ ಸ್ಕ್ಯಾನ್ ಎಲ್ಲಿದೆ? ಹಲಸಿನಕಾಯಿ ಬಲಿತಿದೆಯೋ ಇಲ್ಲವೋ ಎಂದು ನಿಮ್ಮ ಅಮ್ಮ ತಟ್ಟಿ ಹೇಳುತ್ತಾರೆ, ಅಲ್ವಾ? ಅದೇ ವಿದ್ಯೆ ಇದು. 1761ರಲ್ಲಿ ಇದರ ಬಗ್ಗೆ ಮೊದಲು ಪುಸ್ತಕ ಬರೆದ ಆಸ್ಟ್ರಿಯಾದ ವೈದ್ಯ ಲಿಯೋಪೋಲ್ಡ್ ಔವೆನ್‌ಬ್ರುಗರ್ ಒಬ್ಬ ಹೋಟೆಲಿನವನ ಮಗ. ಪೀಪಾಯಿಯನ್ನು ತಟ್ಟಿ ಒಳಗೆ ಎಷ್ಟು ಮದ್ಯ ಉಳಿದಿದೆ ಅಂತ ತಿಳಿಯುವುದು ಅವನಿಗೆ ಮನೆಯಲ್ಲೇ ಗೊತ್ತಿದ್ದ ಕೆಲಸ. ಗಾಳಿ ಇರುವಲ್ಲಿ ಡಬ್ ಡಬ್ ಅಂತ ಡೋಲಿನ ಸದ್ದು. ನೀರು, ಗಡ್ಡೆ, ಲಿವರ್, ತುಂಬಿದ ಮೂತ್ರಕೋಶ ಇರುವಲ್ಲಿ ಮಂಕು ಸದ್ದು. ದಿನಾ ನಿಮ್ಮ ಹೊಟ್ಟೆಯನ್ನೇ ತಟ್ಟಿಕೊಳ್ಳಿ, ಊಟಕ್ಕೆ ಮೊದಲು, ಊಟವಾದ ಮೇಲೆ. ಹದಿನೈದು ದಿನದಲ್ಲಿ ಕಿವಿ ಪಳಗುತ್ತದೆ.

ಈಗ ಕೂಸು. ಹುಟ್ಟಿದ ಮಗುವಿನ ಹೊಟ್ಟೆ ದುಂಡಗಿರಬೇಕು, ಉಸಿರಿನ ಜೊತೆ ಏರಿಳಿಯಬೇಕು. ಹೊಟ್ಟೆ ಒಳಗೆ ಹೋಗಿ ದೋಣಿಯ ಹಾಗಿದ್ದು ಉಸಿರಾಟಕ್ಕೂ ಕಷ್ಟವಿದ್ದರೆ, ಕರುಳು ಎದೆಗೂಡಿಗೆ ಏರಿರಬಹುದು. ಎದೆಹಾಲು ಕುಡಿಯುವಾಗಲೇ ನೋಡಿ, ಅದಕ್ಕಿಂತ ಒಳ್ಳೆ ಸಮಯ ಸಿಗದು. ಒಂದು ಕೈಯಲ್ಲಿ ಕಾಲು ಮಡಚಿ ಹಿಡಿದು, ಇನ್ನೊಂದು ಕೈಯ ಬೆರಳಿನ ಒಡಲಿನಿಂದ ಹಗುರವಾಗಿ ಒತ್ತಿ. ಬಲಪಕ್ಕೆಯ ಕೆಳಗೆ ಒಂದರಿಂದ ಮೂರು ಸೆಂಟಿಮೀಟರ್‌ವರೆಗೆ ಲಿವರ್ ಸಿಕ್ಕರೆ ಗಾಬರಿ ಬೇಡ, ಕೂಸುಗಳಲ್ಲಿ ಅದು ಸಹಜ. ಎಡಗಡೆ ಗುಲ್ಮದ (ಸ್ಪ್ಲೀನ್) ತುದಿ ಒಮ್ಮೊಮ್ಮೆ ತಾಗುವುದೂ ಉಂಟು. ಆದರೆ ಹುಡುಕುವುದನ್ನು ತೊಡೆಸಂದಿನ ಹತ್ತಿರದಿಂದ ಶುರುಮಾಡಿ ಮೇಲಕ್ಕೆ ಬನ್ನಿ. ಪಕ್ಕೆಯ ಹತ್ತಿರದಿಂದಲೇ ಶುರುಮಾಡಿದರೆ, ತುಂಬಾ ದೊಡ್ಡದಾದ ಲಿವರ್ ಬೆರಳಿನ ಕೆಳಗೇ ಇದ್ದರೂ ಅಂಚು ಸಿಗುವುದಿಲ್ಲ.

ಹೊಕ್ಕುಳಬಳ್ಳಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬೀಳುತ್ತದೆ. ಬೂದಿ, ಅರಿಸಿನ, ಎಣ್ಣೆ ಯಾವುದೂ ಬೇಡ, ಒಣಗಿದ್ದರೆ ಸಾಕು. ಸುತ್ತಲಿನ ಚರ್ಮ ಕೆಂಪಾಗಿ ಹರಡುತ್ತಿದ್ದರೆ ಅವತ್ತೇ ಆಸ್ಪತ್ರೆ. ಅತ್ತಾಗ ಹೊಕ್ಕುಳ ಉಬ್ಬುತ್ತದೆ ಅಂತ ನಾಣ್ಯ ಇಟ್ಟು ಕಟ್ಟುತ್ತಾರೆ. ಬಿಚ್ಚಿಸಿ. ಅದು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ತೊಡೆಸಂದಿನ ಉಬ್ಬು ಹಾಗಲ್ಲ. ಅದು ತಾನಾಗಿ ಹೋಗುವುದಿಲ್ಲ, ಆಪರೇಷನ್ ಬೇಕು. ಗಟ್ಟಿಯಾಗಿ ಒಳಗೆ ಹೋಗದೆ ನಿಂತರೆ ಆಗಲೇ ಹೊರಡಬೇಕು.

ಕೂಸು ಹಸಿರು ವಾಂತಿ ಮಾಡಿದರೆ ಮನೆಯ ಅಜ್ಜಿ "ಪಿತ್ತ" ಅನ್ನುತ್ತಾರೆ. ಅಜ್ಜಿ ಹೇಳಿದ್ದು ಸರಿಯೇ, ಅದು ಪಿತ್ತರಸವೇ. ಆದರೆ ಅದು ಮೇಲಕ್ಕೆ ಬಂತೆಂದರೆ ಕೆಳಗಿನ ದಾರಿ ಮುಚ್ಚಿದೆ ಅಥವಾ ಕರುಳು ತಿರುಚಿಕೊಂಡಿದೆ ಅಂತ ತಿಳಿಯಬೇಕು. ಹೊಟ್ಟೆ ಮೆತ್ತಗಿದ್ದರೂ ಸರಿ, ಮಗು ಲವಲವಿಕೆಯಿಂದಿದ್ದರೂ ಸರಿ, 108ಕ್ಕೆ ಫೋನ್ ಮಾಡಿ. ಮೂರರಿಂದ ಆರು ವಾರದ ಕೂಸು ಹಾಲು ಕುಡಿದ ಕೂಡಲೇ ದೂರಕ್ಕೆ ಚಿಮ್ಮುವಂತೆ ಕಾರಿ, ಮತ್ತೆ ಹಸಿದು ಬಾಯಿ ತೆರೆಯುತ್ತಿದ್ದರೆ ಅದು ಬೇರೆ. ಅಲ್ಲಿ ವಾಂತಿ ಬಿಳಿ, ಜಠರದ ಕೆಳಬಾಯಿ ಬಿಗಿದಿರುತ್ತದೆ. ಇನ್ನೊಂದು: ಎರಡು ವಾರ ದಾಟಿದರೂ ಮಗು ಹಳದಿಯಾಗಿದ್ದು, ಮಲ ಸುಣ್ಣದ ಬಣ್ಣಕ್ಕೆ ತಿರುಗಿದ್ದರೆ ಬಿಸಿಲು ಕಾಯಿಸುತ್ತ ಕೂರುವಂತಿಲ್ಲ. ಪಿತ್ತನಾಳದ ತೊಂದರೆ ಇದ್ದರೆ ಎರಡು ತಿಂಗಳೊಳಗೆ ಆಪರೇಷನ್ ಆದವರಿಗೇ ಹೆಚ್ಚು ಲಾಭ. ಬಟ್ಟೆ ಒಗೆಯುವ ಅಜ್ಜಿಯನ್ನು ಕೇಳಿ, ಬಣ್ಣ ಅವರಿಗೆ ಗೊತ್ತಿರುತ್ತದೆ.

ನಿಮ್ಮ ಎರಡು ವರ್ಷದ ಮಗುವಿಗೆ ಬರೋಣ. ಅದನ್ನು ಟೇಬಲ್ ಮೇಲೆ ಮಲಗಿಸಿದ್ದೇ ತಪ್ಪು. ಅಮ್ಮನ ತೊಡೆಯೇ ಟೇಬಲ್. ನೀವು ಎದುರು ಕೂತು ನಿಮ್ಮ ಮೊಣಕಾಲು ಅಮ್ಮನ ಮೊಣಕಾಲಿಗೆ ಸೇರಿಸಿ, ಮಗುವಿನ ತಲೆ ಅವರ ಕಡೆ, ಕಾಲು ನಿಮ್ಮ ಕಡೆ. ಮಗುವಿನ ಕೈಯನ್ನೇ ಅದರ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ನಿಮ್ಮ ಕೈ ಇಟ್ಟು ಒತ್ತಿ. ತನ್ನ ಕೈ ತನಗೆ ಕಚಗುಳಿ ಇಡುವುದಿಲ್ಲ. ಇನ್ನೊಂದು ಕಳ್ಳದಾರಿ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. "ಹೊಟ್ಟೆಯೊಳಗೆ ಕಪ್ಪೆ ಕೂಗುತ್ತಾ ಕೇಳೋಣ" ಅಂತ ಸ್ಟೆತಸ್ಕೋಪ್ ಇಟ್ಟು, ಅದರ ಬಿಲ್ಲೆಯಿಂದಲೇ ಮೆಲ್ಲಗೆ ಒತ್ತುತ್ತಾ ಹೋಗುವುದು. ಕೈಯಿಂದ ಮುಟ್ಟಿದರೆ ಅಯ್ಯೋ ಅನ್ನುವ ಮಗು ಸ್ಟೆತಸ್ಕೋಪಿಗೆ ಸುಮ್ನೆ ಇದ್ದರೆ ಅರ್ಧ ಚಿಂತೆ ಕಳೆಯಿತು. ಅಷ್ಟಾದರೂ ಅಳುತ್ತಿದ್ದರೆ ಉಸಿರು ಎಳೆದುಕೊಳ್ಳುವ ಕ್ಷಣಕ್ಕೆ ಕಾಯಿರಿ. ಆಗ ಹೊಟ್ಟೆ ಒಂದು ಗಳಿಗೆ ಸಡಿಲವಾಗುತ್ತದೆ.

ಈ ವಯಸ್ಸಿಗೆ ಗುಡಾಣದ ಹೊಟ್ಟೆ ಸಹಜ. ಸ್ನಾಯು ಇನ್ನೂ ಗಟ್ಟಿಯಾಗಿರುವುದಿಲ್ಲ, ಬೆನ್ನು ಒಳಗೆ ಬಾಗಿರುತ್ತದೆ. ಮಲಗಿಸಿದಾಗ ಹೊಟ್ಟೆ ತಗ್ಗಿತೆಂದರೆ ಯೋಚನೆ ಬೇಡ. ತಗ್ಗದೆ, ಕೈಕಾಲು ಕಡ್ಡಿಯಾಗಿದ್ದರೆ ತೂಕ, ಊಟ, ಜಂತುಹುಳ ಎಲ್ಲ ವಿಚಾರಿಸಿ. ಎಡ ಕೆಳಹೊಟ್ಟೆಯಲ್ಲಿ ಒತ್ತಿದರೆ ಕುಳಿ ಬೀಳುವ ಗಂಟು ಸಿಕ್ಕರೆ ಹೆಚ್ಚಾಗಿ ಅದು ಕಟ್ಟಿದ ಮಲ. ಆರು ತಿಂಗಳಿಂದ ಎರಡು ವರ್ಷದ ಮಗು ಕಾಲು ಮಡಚಿ ಚೀರುವುದು, ಆಮೇಲೆ ಸುಸ್ತಾಗಿ ಬಿಳಚಿಕೊಂಡು ಮಲಗುವುದು, ಮತ್ತೆ ಚೀರುವುದು, ಹೀಗೆ ಬಿಟ್ಟುಬಿಟ್ಟು ಮಾಡಿದರೆ ಕರುಳೊಳಗೆ ಕರುಳು ಹೊಕ್ಕಿರಬಹುದು. ಮಲದಲ್ಲಿ ರಕ್ತ ಕಾಣುವವರೆಗೆ ಕಾಯಬೇಡಿ. ಎಣ್ಣೆ ಸ್ನಾನ ಮಾಡಿಸುವಾಗ ಒಂದು ಪಕ್ಕೆಯಲ್ಲಿ ಗಟ್ಟಿ ಗಂಟು ಕೈಗೆ ತಾಗಿತು ಅಂತ ತಾಯಿ ಬಂದರೆ ಆ ಮಾತನ್ನು ನಂಬಿ, ಒಮ್ಮೆ ಮಾತ್ರ ಮೆಲ್ಲಗೆ ಮುಟ್ಟಿ ಕಳಿಸಿ. ಕಿಡ್ನಿಯ ಗಡ್ಡೆಯಾಗಿದ್ದರೆ ಪದೇ ಪದೇ ಒತ್ತುವುದು ಅಪಾಯ. ಬಂದವರೆಲ್ಲ ಒಮ್ಮೊಮ್ಮೆ ಒತ್ತಿ ನೋಡುವ ಚಾಳಿ ನಮ್ಮಲ್ಲಿದೆ, ಅದನ್ನು ತಡೆಯಿರಿ.

ಶಾಲೆಗೆ ಹೋಗುವ ಮಕ್ಕಳಲ್ಲಿ ಎಲ್ಲರೂ ಹೆದರುವುದು ಅಪೆಂಡಿಕ್ಸಿಗೆ. ನೋವು ಹೊಕ್ಕುಳ ಸುತ್ತ ಶುರುವಾಗಿ ಬಲ ಕೆಳಹೊಟ್ಟೆಗೆ ಇಳಿಯುತ್ತದೆ, ಊಟ ಸೇರುವುದಿಲ್ಲ. ಒತ್ತಿ ಫಕ್ಕನೆ ಕೈ ಬಿಟ್ಟು ನೋವಾಗುತ್ತದೋ ನೋಡುವ ಕ್ರಮ ಮಕ್ಕಳಿಗೆ ಬೇಡ. ಅದು ಹಿಂಸೆ, ಮತ್ತೆ ಮುಟ್ಟಗೊಡುವುದಿಲ್ಲ. "ಒಂಟಿ ಕಾಲಲ್ಲಿ ಕುಂಟು ನೋಡೋಣ, ಬಲಗಾಲಲ್ಲಿ" ಅನ್ನಿ. ಕುಂಟಾಬಿಲ್ಲೆ ಆಡುವ ವಯಸ್ಸು ಅದು. ನಗುತ್ತಾ ಕುಂಟಿದರೆ ಸ್ವಲ್ಪ ಕಾಯಬಹುದು. ಒಂದು ಸಲ ಕುಪ್ಪಳಿಸಿ ಹೊಟ್ಟೆ ಹಿಡಿದು ನಿಂತರೆ ಕಾಯಬೇಡಿ. ಬರುವಾಗ ಹಂಪ್ ದಾಟಿದಾಗ ನೋವು ಜಾಸ್ತಿಯಾಯಿತಾ ಅಂತಲೂ ಕೇಳಿ. ತಮಾಷೆಯಲ್ಲ. ಬ್ರಿಟನ್ನಿನಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಪೆಂಡಿಸೈಟಿಸ್ ಇದ್ದ 34 ಜನರಲ್ಲಿ 33 ಮಂದಿ ಹೌದು ಎಂದಿದ್ದರು. ನಮ್ಮ ರಸ್ತೆಗಳಲ್ಲಿ ಈ ಪರೀಕ್ಷೆ ಎಲ್ಲರಿಗೂ ಪುಕ್ಕಟೆ! ಆದರೆ ಹೌದು ಅಂದವರಿಗೆಲ್ಲ ಅಪೆಂಡಿಕ್ಸ್ ಅಲ್ಲ. ಇಲ್ಲವೇ ಇಲ್ಲ ಅಂದರೆ ಧೈರ್ಯ ತಂದುಕೊಳ್ಳಬಹುದು, ಅಷ್ಟೇ. ಕೆಮ್ಮು, ಜ್ವರ ಇರುವ ಮಗು ಹೊಟ್ಟೆ ತೋರಿಸಿದರೆ ಉಸಿರು ಎಣಿಸಿ. ಎದೆಯ ಕೆಳಭಾಗದ ನ್ಯುಮೋನಿಯಾ ಎಷ್ಟೋ ಸಲ ಹೊಟ್ಟೆನೋವಿನ ವೇಷ ಹಾಕಿ ಬರುತ್ತದೆ.

ಹತ್ತು ದಾಟಿದ ಹುಡುಗ ಕೆಳಹೊಟ್ಟೆ ನೋವು ಅಂದರೆ ಬೀಜವನ್ನು ನೋಡದೆ ಕಳಿಸಬೇಡಿ. ನಾಚಿಕೆಗೆ ಅವನು ಹೇಳುವುದಿಲ್ಲ. ಅದು ತಿರುಚಿಕೊಂಡಿದ್ದರೆ ಉಳಿಸಿಕೊಳ್ಳಲು ಇರುವುದು ಸುಮಾರು ಆರು ಗಂಟೆ. ಹೆಣ್ಣುಮಕ್ಕಳನ್ನು ಅಮ್ಮನಿಂದ ಬೇರೆಯಾಗಿ ಕೂರಿಸಿ, ಮುಟ್ಟಾದ ತಾರೀಕು ಕೇಳಿ. ತೀರ್ಪು ಕೊಡುವ ಮುಖ ಮಾಡಿಕೊಂಡು ಕೇಳಿದರೆ ಸುಳ್ಳು ತಾರೀಕು ಸಿಗುತ್ತದೆ.

ಬಸುರಿಯ ಹೊಟ್ಟೆ ನೋಡುವುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 12 ವಾರಕ್ಕೆ ಗರ್ಭಕೋಶ ಕಿಬ್ಬೊಟ್ಟೆಯ ಮೂಳೆಯ ಅಂಚಿಗೆ, 20ರಿಂದ 24 ವಾರದೊಳಗೆ ಹೊಕ್ಕುಳಿಗೆ, 36ಕ್ಕೆ ಎದೆಗುಳಿಗೆ. 24 ವಾರದ ಮೇಲೆ ಟೇಪಿನ ಸೆಂಟಿಮೀಟರೂ ವಾರವೂ ಎರಡು ಹೆಚ್ಚು ಕಡಿಮೆ ಒಂದೇ ಇರಬೇಕು. ನಾನು ಸೇರಿಸುವುದು ಒಂದೇ. ಐದು ತಿಂಗಳು ದಾಟಿದವಳು ಎದೆಗುಳಿ ಅಥವಾ ಬಲಪಕ್ಕೆಯ ಕೆಳಗೆ ಉರಿ, ನೋವು ಅಂದರೆ ಗ್ಯಾಸ್ಟ್ರಿಕ್ ಮಾತ್ರೆಗೆ ಕೈ ಹೋಗುವ ಮೊದಲು ಬಿಪಿ ಪಟ್ಟಿ ಕಟ್ಟಿ. ತಲೆನೋವು, ಕಣ್ಣು ಮಂಜು ಕೇಳಿ. ಬಿಪಿ ಏರಿ ಲಿವರ್ ಊದಿಕೊಂಡಾಗ ನೋವು ಅಲ್ಲೇ ಬರುತ್ತದೆ. ತುಂಬಿದ ಬಸುರಿಯನ್ನು ಅಂಗಾತ ಜಾಸ್ತಿ ಹೊತ್ತು ಮಲಗಿಸಬೇಡಿ, ಸ್ವಲ್ಪ ಎಡಕ್ಕೆ ವಾಲಿಸಿ.

ನಡುವಯಸ್ಸಿನವರದ್ದು ಪುಸ್ತಕದಲ್ಲಿದೆ, ಬಿಡಿ. ಬೆವರುತ್ತಾ ಎದೆಗುಳಿ ಹಿಡಿದು ಬಂದವರಿಗೆ ಮೊದಲು ಇಸಿಜಿ, ಆಮೇಲೆ ಹೊಟ್ಟೆ. ಇಷ್ಟು ನೆನಪಿದ್ದರೆ ಸಾಕು.

ಜ್ವರದವರ ಹೊಟ್ಟೆಯ ಬಗ್ಗೆ ಮಾತ್ರ ನಮ್ಮ ಸೀಮೆಗೆ ಬೇರೆ ಮಾತಿದೆ. ಹಿಂದೆ ಮಲೆನಾಡಿನಲ್ಲಿ ಮಲೇರಿಯಾ ಹೇಗಿತ್ತೆಂದರೆ, ಊದಿದ ಗುಲ್ಮಕ್ಕೆ "ಜ್ವರಗಡ್ಡೆ" ಎಂಬ ಹೆಸರೇ ಇತ್ತು. 2ರಿಂದ 9 ವರ್ಷದ ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಜನಕ್ಕೆ ಗುಲ್ಮ ಸಿಗುತ್ತದೆ ಅಂತ ಎಣಿಸಿ ಊರಿನ ಮಲೇರಿಯಾ ಅಳೆಯುತ್ತಿದ್ದರು. ಗುಲ್ಮ ಕೈಗೆ ಸಿಗಬೇಕಾದರೆ ಅದು ಎರಡು ಮೂರು ಪಟ್ಟು ಬೆಳೆದಿರಬೇಕು. ಬೆಳೆಯುವುದು ಓರೆಯಾಗಿ, ಬಲ ತೊಡೆಸಂದಿನ ಕಡೆಗೆ. ಆದ್ದರಿಂದ ಬಲ ಕೆಳಗಿನಿಂದ ಎಡ ಮೇಲಕ್ಕೆ ಬೆರಳು ಸರಿಸಿ. ಜ್ವರದಲ್ಲಿ ಅದು ಮೆತ್ತಗಿರುತ್ತದೆ, ಬೆರಳಿನಿಂದ ಚುಚ್ಚಬೇಡಿ. ಮಳೆಗಾಲದ ಡೆಂಗಿಯಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಊದಿದ ಲಿವರ್ ಅಪಾಯದ ಗಂಟೆ, ಜ್ವರ ಬಿಟ್ಟ ದಿನವೂ ಸಹ. ಗದ್ದೆ, ತೋಟದ ಕೆಸರಿನಲ್ಲಿ ಕೆಲಸ ಮಾಡಿದವರಿಗೆ ಕಣ್ಣು ಹಳದಿಯಾದರೆ ಇಲಿಜ್ವರ ನೆನಪಿಗೆ ಬರಲಿ. ಡಿಸೆಂಬರಿನಿಂದ ಮೇ ವರೆಗೆ ಕಾಡಿಗೆ ಹೋಗಿಬಂದವರ ಜ್ವರ, ಮೈಕೈ ನೋವು, ವಾಂತಿಗೆ ಮಂಗನ ಕಾಯಿಲೆಯ ರಕ್ತಪರೀಕ್ಷೆ ಆಗಲೇಬೇಕು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಂಥ ಜ್ವರಗಳಲ್ಲಿ ಆಸ್ಪಿರಿನ್, ಡೈಕ್ಲೋಫೆನಾಕ್ ಕೊಡಬೇಡಿ, ರಕ್ತಸ್ರಾವದ ಭಯವಿದೆ.

ಕೊನೆಗೆ ಮುದುಕರು. ನಾನು ಹೊಸದಾಗಿ ಕೆಲಸ ಶುರುಮಾಡಿದ ಕಾಲ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಒಂದು ಮನೆಯವರು ಎಂಬತ್ತರ ಅಜ್ಜನನ್ನು ಜೀಪಿನಲ್ಲಿ ಕರೆತಂದರು. ಎರಡು ದಿನದಿಂದ ಊಟ ಬೇಡ, ಮಾತು ಹಳಿತಪ್ಪಿದೆ, ಹೊಟ್ಟೆ ಉಬ್ಬಿದೆ. ಒತ್ತಿದೆ. ಹೊಕ್ಕುಳದವರೆಗೆ ತೆಂಗಿನಕಾಯಿಯಂಥ ಗಡ್ಡೆ. ಮಣಿಪಾಲಕ್ಕೆ ಚೀಟಿ ಬರೆಯುತ್ತಾ ಕೂತೆ. ಆಯಾ ಬಾಗಿಲಲ್ಲಿ ನಿಂತು ಕೇಳಿದಳು, "ಸರ್, ಅಜ್ಜ ಉಚ್ಚೆ ಹೊಯ್ದು ಎಷ್ಟೊತ್ತಾಯ್ತಂತೆ?" ಮಗ ಹೇಳಿದ, "ಆಗಾಗ ಪಂಚೆ ಒದ್ದೆಯಾಗ್ತಾ ಇದೆ." ನನ್ನ ಪೆನ್ನು ಅಲ್ಲೇ ನಿಂತಿತು. ಪೈಪ್ ಹಾಕಿದೆವು. ಒಂದು ಲೀಟರಿಗೂ ಮೀರಿ ಮೂತ್ರ ಬಂತು, ಗಡ್ಡೆ ಕಣ್ಣೆದುರೇ ಕರಗಿತು. ಪ್ರಾಸ್ಟೇಟ್ ಊದಿ ದಾರಿ ಕಟ್ಟಿತ್ತು. ಒದ್ದೆಯಾಗುತ್ತಿದ್ದದ್ದು ತುಂಬಿ ತುಳುಕಿದ ಹನಿ. ಕೆಳಹೊಟ್ಟೆಯನ್ನು ಒಮ್ಮೆ ತಟ್ಟಿದ್ದರೆ ಸಾಕಿತ್ತು.

ವಯಸ್ಸಾದಂತೆ ಹೊಟ್ಟೆಯ ಸ್ನಾಯು ತೆಳ್ಳಗಾಗುತ್ತದೆ, ಒಳಗೆ ಬೆಂಕಿ ಬಿದ್ದರೂ ಮೇಲೆ ಬಿಗಿಯುವುದಿಲ್ಲ. ಜ್ವರ ಬರದೇ ಇರಬಹುದು. ನೋವೂ ಮಂದ. ಸಕ್ಕರೆ ಕಾಯಿಲೆ ಇದ್ದರಂತೂ ಇನ್ನೂ ಮಂದ. ಜೊತೆಗೆ ಮಲೆನಾಡಿನ ಹಿರಿಯರ ಸ್ವಭಾವ ಬೇರೆ, ಯಾರಿಗೂ ತೊಂದರೆ ಕೊಡಬಾರದು ಅಂತ "ಎಂಥದ್ದೂ ಇಲ್ಲ" ಅನ್ನುವುದು. ಹಾಗಾಗಿ ಕೈಗಿಂತ ಕಣ್ಣು, ಗಡಿಯಾರ, ಪ್ರಶ್ನೆ ಇವನ್ನು ಜಾಸ್ತಿ ನಂಬಿ. ನಾಡಿ ಎಣಿಸಿ. ನೂರು ದಾಟಿದ್ದರೆ ಹೊಟ್ಟೆ ಮೆತ್ತಗಿದ್ದರೂ ಕಳಿಸಿ. ಕೆಲವು ಬಿಪಿ ಮಾತ್ರೆಗಳು ನಾಡಿಯನ್ನು ಏರಗೊಡುವುದಿಲ್ಲ, ಅದನ್ನೂ ವಿಚಾರಿಸಿ. ಪಂಚೆ ಸಡಿಲಿಸಿ ತೊಡೆಸಂದು ನೋಡಿ, ಸಿಕ್ಕಿಕೊಂಡ ಹರ್ನಿಯಾ ಅಲ್ಲಿ ಅಡಗಿರುತ್ತದೆ. ತೆಳ್ಳಗಿರುವ ಅಜ್ಜನ ಹೊಕ್ಕುಳ ಮೇಲೆ ರಕ್ತನಾಳ ಮಿಡಿಯುವುದು ಕಾಣುತ್ತದೆ, ಅದು ಸಹಜ. ಎರಡು ಕೈಯ ಬೆರಳನ್ನು ಅಕ್ಕಪಕ್ಕ ಇಟ್ಟಾಗ ಮಿಡಿತ ಬೆರಳುಗಳನ್ನು ದೂರ ದೂರ ತಳ್ಳಿದರೆ ಸಹಜವಲ್ಲ. ಒತ್ತಿದರೆ ಏನೂ ಇಲ್ಲ, ಆದರೂ ತಡೆಯಲಾರದ ನೋವು, ನಾಡಿ ಅಡ್ಡಾದಿಡ್ಡಿ ಓಡುತ್ತಿದೆ ಅಂದರೆ ಕರುಳಿಗೆ ರಕ್ತ ನಿಂತಿರಬಹುದು. ಅಲ್ಲಿ ಪ್ರತಿ ಗಂಟೆಯೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮ ಅಜ್ಜನ ವಿಷಯದಲ್ಲಿ ಸಿಗಬಹುದಾಗಿದ್ದ ಸುಳಿವು ಮೂರು. ಒಂದು, ಅವರು ಹೇಗಿದ್ದರು? ಹೊಟ್ಟೆ ನುಲಿದವನು ಹೊರಳಾಡುತ್ತಾನೆ, ಜಠರ ತೂತಾದವನು ಅಲುಗಾಡಲು ಹೆದರುತ್ತಾನೆ. ನಿಮ್ಮ ಟೇಬಲ್ ಏರಲು ಅವರು ಎಷ್ಟು ಹೊತ್ತು ತೆಗೆದುಕೊಂಡರು ನೆನಪಿಸಿಕೊಳ್ಳಿ. ಎರಡು, ಕೆಮ್ಮಿಸಿದ್ದರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರೋ ಏನೋ. ಮೂರು, ಬಲಪಕ್ಕೆಯ ಕೆಳಮೂಳೆಗಳ ಮೇಲೆ ತಟ್ಟಿದ್ದರೆ, ಲಿವರಿನ ಮಂಕು ಸದ್ದು ಇರಬೇಕಾದಲ್ಲಿ ಡೋಲಿನ ಸದ್ದು ಬಂದಿರಬಹುದಿತ್ತು. ಜಠರದಿಂದ ಹೊರಬಿದ್ದ ಗಾಳಿ ಲಿವರಿನ ಮೇಲೆ ಕೂರುತ್ತದೆ. ಎಲ್ಲರಲ್ಲೂ ಇದು ಸಿಗುವುದಿಲ್ಲ, ಸಿಕ್ಕರೆ ಮಾತ್ರ ಬಿಡಬಾರದು.

ಕಳಿಸುವ ಚೀಟಿಯಲ್ಲಿ "ಹೊಟ್ಟೆನೋವು" ಅಂತ ಒಂದೇ ಪದ ಬರೆಯಬೇಡಿ. ನೋವು ಶುರುವಾದ ಹೊತ್ತು, ನಾಡಿ, ಬಿಪಿ, ಕೊನೆಯ ಊಟ, ಕೊನೆಯ ಮೂತ್ರ, ನೀವು ಕೊಟ್ಟ ಮಾತ್ರೆ, ಇಷ್ಟು ಬರೆದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಡಾಕ್ಟರಿಗೆ ಅರ್ಧ ಗಂಟೆ ಉಳಿಯುತ್ತದೆ. ಅಜ್ಜ ಹೊಲಿಗೆ ತೋರಿಸಲು ನಿಮ್ಮಲ್ಲಿಗೆ ಬಂದಾಗ ಅವರ ಮಾತ್ರೆ ಡಬ್ಬಿ ತರಿಸಿ ನೋಡಿ. ಮೊಣಕಾಲು ನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಂದು, ಖಾಲಿ ಹೊಟ್ಟೆಗೆ ನುಂಗುತ್ತಿದ್ದ ಮಾತ್ರೆ ಇನ್ನೂ ಅದರಲ್ಲಿ ಇದ್ದೀತು.